ಕರೆಯದೆ ಬಂದು ಕೂತವರು

ಕಂಪ್ಯೂಟರ್ ಚಾಲೂ ಮಾಡಿದ ಕೂಡಲೇ, ಯಾರೂ ಕರೆಯದಿದ್ದರೂ ಎದ್ದು ಹಿಂದೆ ಕೂತು ಕೆಲಸ ಶುರು ಮಾಡುವ ಪ್ರೋಗ್ರಾಂಗಳು ಇರುತ್ತವೆ. ಬೇಕಾದವನ್ನು ಬಿಟ್ಟು ಬೇಡವಾದವನ್ನು ನಿಲ್ಲಿಸುವುದು ತೊಂಬತ್ತರ ದಶಕದ ಕೊನೆಗೆ ನನ್ನ ಹೊಟ್ಟೆಪಾಡು. ಬಸ್ಸು ಹಿಡಿದು ಆಳಂದ, ಅಫಜಲಪುರ, ಜೇವರ್ಗಿ ಅಂತ ಮನೆಮನೆಗೆ ಹೋಗುತ್ತಿದ್ದೆ. ಪ್ರೋಗ್ರಾಂ ಹೇಗಾದರೂ ನಿಲ್ಲುತ್ತಿತ್ತು, ಜನರ ಸಂಶಯ ಮಾತ್ರ ನಿಲ್ಲುತ್ತಿರಲಿಲ್ಲ.

ಗಡಿಯಾರದ ಪಕ್ಕದವರು

ಆಳಂದದ ತೊಗರಿ ವ್ಯಾಪಾರಿ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದರು.

"ಅಕ್ಕೋರ, ನಾ ತಂದದ್ದು ಒಂದ ಕಂಪ್ಯೂಟರ್. ಗಡಿಯಾರದ ಬಾಜೂಕ ಸಣ್ಣ ಸಣ್ಣ ಚಿತ್ರ ಕೂತಾವಲ್ಲ, ಇವರೆಲ್ಲ ಯಾರು?"

"ತಾವೇ ಶುರು ಆಗ್ತಾವ್ರಿ. ಒಂದು ಸಪ್ಪಳದ್ದು, ಒಂದು ಪ್ರಿಂಟರಿಂದು, ಇದು ವೈರಸ್ ಬರದಂಗ ಕಾಯೂದು."

"ಅಂದ್ರ ನಾ ತೊಗರಿ ರೇಟ್ ಬರಿಯೂ ಮುಂದ ಇವು ಎಚ್ಚರ ಇರ್ತಾವ? ಅದಕ್ಕs ಎದುರಿನ ಅಂಗಡಿಯವಗ ಎಲ್ಲಾ ಗೊತ್ತಾಗಾಕತ್ತದ!"

ಎಷ್ಟು ಹೇಳಿದರೂ ಕೇಳಲಿಲ್ಲ. ಒಂದೊಂದನ್ನೇ ತೆಗೆಸಿದರು. ವೈರಸ್ ಕಾಯುವುದನ್ನು ತೆಗೆದರೆ ಕಂಪ್ಯೂಟರ್ ಕೆಡುತ್ತದೆ ಅಂತ ನಾನು ಹಟ ಹಿಡಿದೆ. ಕೊನೆಗೆ ಒಪ್ಪಿಕೊಂಡರು.

"ಇರ್ಲಿ, ಕಾಯ್ಲಿ. ಆದ್ರ ಆ ಕಡೆ ಮಾರಿ ಮಾಡಿ ಕಾಯ್ಲಿಕ್ಕೆ ಹೇಳ್ರಿ."

ಚೀರುವವಳು

ಅಫಜಲಪುರದಿಂದ ಕರೆದದ್ದು ಒಬ್ಬ ಮಾಸ್ತರರ ಹೆಂಡತಿ; ಅಲ್ಲಿ ಅಂಥವರನ್ನು ಗೌರವದಿಂದ 'ಬಾಯಿ' ಅಂತ ಕರೆಯುತ್ತಾರೆ. ಮಾಸ್ತರರು ಸಾಲಿಗೆ ಹೋದ ಮೇಲೆ ಬಾ ಅಂದಿದ್ದರು.

"ನಮ್ಮನಿಯವ್ರು ಆ ಡಬ್ಬಿ ಚಾಲೂ ಮಾಡಿದ್ರ ಸಾಕು, ಫೋನ್ ಯಾರೋ ಒಬ್ಬಾಕಿಗೆ ಹತ್ತತದ. 'ನಾ ಮುಟ್ಟೇ ಇಲ್ಲ' ಅಂತಾರ. ಅಡಗಿಮನಿ ಫೋನ್ ಎತ್ತಿದ್ರ ಅಕಿ ಕಿರ್ರ್ ಅಂತ ಚೀರ್ತಾಳ. ಎರಡು ದಿನದಿಂದ ನಾ ಅವ್ರ ಕೂಡ ಮಾತು ಬಿಟ್ಟೇನಿ."

"ಅಕಿ ಅಲ್ರಿ ಬಾಯಿ, ಅದು ಯಂತ್ರ. ಇಂಟರ್ನೆಟ್ಟಿಗೆ ಫೋನ್ ಹಚ್ಚೂ ಪ್ರೋಗ್ರಾಂ ತಾನs ಏಳಾಕತ್ತದ, ತಂತಿಯಾಗ ಕಿರ್ರ್ ಅನ್ನೂದು ಅದs. ಮಾಸ್ತರರದು ಏನೂ ತಪ್ಪಿಲ್ಲ."

ಅದನ್ನು ನಿಲ್ಲಿಸಿ, ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಬಾಯಿ ಅಡಿಗೆಮನೆಗೆ ಓಡಿ ಫೋನ್ ಕಿವಿಗೆ ಹಚ್ಚಿದರು. ಕಿರ್ರ್ ಇಲ್ಲ. ಮಾಸ್ತರರ ಸಂಸಾರ ಉಳಿಯಿತು ಅಂತ ನಾನು ಉಸಿರು ಬಿಡುವಷ್ಟರಲ್ಲಿ ಬಾಯಿ ಹೊರಗೆ ಬಂದು ಪಿಸುಗುಟ್ಟಿದರು:

"ಸುಮ್ಮನಾಗ್ಯಾಳ. ನೀವು ಬಂದದ್ದು ಅಕಿಗೆ ಗೊತ್ತಾಗ್ಯದ."

ಕುರಿ

ಜೇವರ್ಗಿಯ ಒಂದು ಮನೆಯಲ್ಲಿ ಕಂಪ್ಯೂಟರ್ ಚಾಲೂ ಆದೊಡನೆ ಪರದೆಯ ಮೇಲೆ ಬೆರಳಷ್ಟು ಕುರಿಯೊಂದು ಬಂದು ಅಡ್ಡಾಡುತ್ತಿತ್ತು. ಯಾವುದೋ ಆಟದ ಫ್ಲಾಪಿಯ ಜೊತೆ ಸೇರಿಕೊಂಡದ್ದು. "ಅದು ಬಂದಾಗಿಂದ ಮಶೀನ್ ಭಾಳ ನಿಧಾನ ಆಗ್ಯದ, ತಗೀರಿ" ಅಂದು ಮನೆಯ ಯಜಮಾನ ಅಂಗಡಿಗೆ ಹೋದ. ನಾನು ತೆಗೆದೆ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟರೆ ಅವನ ತಾಯಿ, ಎಲ್ಲರೂ ಆಯಿ ಅನ್ನುವ ಮುದುಕಿ, ಬಾಗಿಲಿಗೆ ಅಡ್ಡ ನಿಂತಳು.

"ತಂಗಿ, ನಮ್ಮ ಕುರಿ ಎಲ್ಲಿ?"

"ತಗದೇನ್ರಿ ಆಯಿ."

"ತಗದು ಎಲ್ಲಿಟ್ಟಿ? ದಿನಾ ಮುಂಜಾನೆ ಅದರ ಮುಂದ ಕೂತು ಚಹಾ ಕುಡೀತೇನಿ. ನೀ ಬರೂತನಕಾ ಇತ್ತು, ನೀ ಬಂದ ಮ್ಯಾಲ ಇಲ್ಲ. ಚೀಲ ತಗಿ."

ಚೀಲ ಬಿಚ್ಚಿದೆ. ತಿರುಪುಳಿ, ಬುತ್ತಿಡಬ್ಬಿ ಎಲ್ಲ ಸರಿಸಿ ಆಯಿ ನನ್ನ ಫ್ಲಾಪಿ ಎತ್ತಿ ಹಿಡಿದಳು.

"ಇದರಾಗ ಹಾಕ್ಕೊಂಡೀದಿ!"

"ಇಷ್ಟು ಸಣ್ಣದ್ರಾಗ ಕುರಿ ಹೆಂಗ ಹಿಡೀತದ್ರಿ ಆಯಿ?"

"ಮತ್ತ ಆ ಗಾಜಿನ್ಯಾಗ ಹೆಂಗ ಹಿಡದಿತ್ತು?"

ಆಜೂಬಾಜೂದವರು ಬಾಗಿಲಿಗೆ ಬಂದು ಇಣುಕತೊಡಗಿದ್ದರು. ಕುರಿಗಳ್ಳಿ ಅಂತ ಹೆಸರು ಬಿದ್ದರೆ ಜೇವರ್ಗಿಗೆ ಮತ್ತೆ ಕಾಲಿಡುವಂತಿಲ್ಲ. ಮಗನಿಗೆ ಆಮೇಲೆ ಹೇಳಿದರಾಯಿತು ಅಂತ ಒಳಗೆ ಹೋಗಿ, ಅದೇ ಆಟದ ಫ್ಲಾಪಿ ಹಾಕಿ ಕುರಿಯನ್ನು ಮತ್ತೆ ಬಿಟ್ಟೆ. ಅದು ಪರದೆಯ ಮೇಲೆ ಟಣ್ಣನೆ ಜಿಗಿಯಿತು.

ಆಯಿ ಚಸ್ಮಾ ಏರಿಸಿಕೊಂಡು, ಹತ್ತಿರ ಹೋಗಿ, ಕುರಿಯನ್ನು ತಲೆಯಿಂದ ಬಾಲದವರೆಗೆ ನೋಡಿದಳು. ಆಮೇಲೆ ನನ್ನನ್ನೂ ಹಾಗೆಯೇ ನೋಡಿದಳು.

"ನಮ್ಮದು ಇದಕ್ಕಿಂತ ಮೈಕೈ ತುಂಬಿಕೊಂಡಿತ್ತು. ಖರೇ ಹೇಳು, ಬದಲಿ ಮಾಡಿಲ್ಲಲ್ಲ?"