ಕಾವೇರಿ ಕರೆಂಟು, ಶರಾವತಿ ಕರೆಂಟು

ಬುಡ್ಡಿ... ಅಲ್ಲ, ಬುಡ್ಡಿ ಅಂದರೆ ಸೀಮೆಎಣ್ಣೆಯದು. ಬುಗುರಿಯೂ ಅಲ್ಲ. ಕರೆಂಟಿನ ಬಲ್ಬಿಗೆ ನಮ್ಮ ಮನೆಯಲ್ಲಿ ಒಂದು ಮಾತಿತ್ತು. ಈ ಜಬಲ್ಪುರದಲ್ಲಿ ಕೇಳೋಣವೆಂದರೆ, ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿರುವ ಮೊಮ್ಮಗಳನ್ನು ಬಿಟ್ಟರೆ ಕನ್ನಡದವರು ಯಾರೂ ಹತ್ತಿರವಿಲ್ಲ; ಅವಳಿಗೂ ಗೊತ್ತಿಲ್ಲ. ಹಾಂ, ಬುರುಡೆ! ಚಾಮರಾಜಪೇಟೆಯ ನಮ್ಮ ಮನೆಗೆ ಮೊದಲ ಬುರುಡೆ ಬಂದಾಗ ನಾನಿನ್ನೂ ಲಂಗ ಹಾಕುವ ಹುಡುಗಿ. ಅಪ್ಪ ಸರ್ಕಾರದ ಕರೆಂಟ್ ಆಫೀಸಿನಲ್ಲಿ ದೂರು ಕೇಳುವ ಗುಮಾಸ್ತರು. ಅಂಥವರ ಮನೆಯಲ್ಲಿ ಅಜ್ಜಿಯೂ ಇದ್ದರೆ ವಾರಕ್ಕೊಂದು ಪ್ರಸಂಗ ನಡೆಯದೆ ಇರುತ್ತದೆಯೇ?

ಮಡಿ ಕರೆಂಟು

ಬೀದಿಗೆಲ್ಲ ಕರೆಂಟು ಬಂದರೂ ಕರೆಂಟ್ ಆಫೀಸಿನವರ ಮನೆಯಲ್ಲಿ ಮಾತ್ರ ಲಾಂದ್ರ. ಕಾರಣ ಅಜ್ಜಿ.

"ಆ ತಂತಿ ಮೇಲೆ ಕಾಗೆ ಕೂರತ್ತೆ ಕಣೋ. ಯಾರ್ಯಾರ ಮನೆ ಹೊಕ್ಕು ಬಂದಿರತ್ತೋ ಏನೋ. ನನ್ನ ಅಡುಗೆಮನೆಗೆ ಅದು ಬೇಡ."

ಅಪ್ಪ ಬುದ್ಧಿ ಉಪಯೋಗಿಸಿದರು. "ಅಮ್ಮಾ, ಕರೆಂಟು ಹುಟ್ಟೋದೇ ಶಿವನಸಮುದ್ರದಲ್ಲಿ. ಕಾವೇರಿ ನೀರಿಂದ ಮಾಡ್ತಾರೆ."

ಅಜ್ಜಿಯ ತವರು ಶ್ರೀರಂಗಪಟ್ಟಣ. ಮದುವೆಯಾಗುವವರೆಗೂ ಹೊಳೆಯಲ್ಲೇ ಸ್ನಾನ ಮಾಡಿದವರು. "ಕಾವೇರೀದಾ? ಅದನ್ನ ಮೊದಲೇ ಹೇಳೋದಲ್ವಾ!" ಎಂದರು. ಆ ವಾರವೇ ವೈರಿಂಗ್ ಆಯಿತು. ದೀಪ ಹತ್ತಿದಾಗ ಅಜ್ಜಿ ಬುರುಡೆಗೆ ಕೈಮುಗಿದು, "ತಾಯೀ, ಇಷ್ಟು ದೂರ ಬಂದ್ಯಾ" ಎಂದು ಕಣ್ಣೊರೆಸಿಕೊಂಡರು.

ಮಾರನೆಯ ಬೆಳಿಗ್ಗೆ ನೋಡಿದರೆ ಅಜ್ಜಿ ಒದ್ದೆ ಸೀರೆಯಲ್ಲಿ ನಿಂತು, ಮಡಿಬಟ್ಟೆ ಗಳುವಿಗೆ ಹಾಕುವ ಕೋಲಿನಿಂದ ಸ್ವಿಚ್ಚನ್ನು ದೂರದಿಂದಲೇ ತಿವಿಯುತ್ತಿದ್ದರು.

"ಕಾವೇರಿ ಮಡಿ ಅಂತ ನೀವೇ ಒಪ್ಪಿದ್ರಲ್ಲಾ ಅಮ್ಮ?" ಎಂದರು ಅಪ್ಪ.

"ಕರೆಂಟು ಮಡೀನೇ. ಸ್ವಿಚ್ಚನ್ನ ಎಲ್ಲರೂ ಮುಟ್ಟಿದೀರಲ್ಲ!"

ಪಕ್ಕದ ಮನೆ

ಅಪ್ಪ ಸಂಜೆ ಮನೆಗೆ ಬಂದು ಆವತ್ತಿನ ದೂರುಗಳನ್ನು ಊಟಕ್ಕೆ ಉಪ್ಪಿನಕಾಯಿಯಂತೆ ಬಡಿಸುತ್ತಿದ್ದರು. ಮಲ್ಲೇಶ್ವರದಿಂದ ಒಬ್ಬರು ಫೋನು ಮಾಡಿದ್ದರಂತೆ.

"ಸ್ವಾಮಿ, ನಮ್ಮ ಮನೇಲಿ ಕರೆಂಟಿಲ್ಲ."

"ಪಕ್ಕದ ಮನೇಲಿ ಇದೆಯಾ ಕೇಳಿ."

"ಅವರ ಜೊತೆ ನಾವು ಮಾತಾಡಲ್ಲ."

"ಮಾತಾಡಬೇಡಿ. ಕಿಟಕಿಯಿಂದ ಇಣುಕಿ ನೋಡಿ, ಸಾಕು."

"ಆ ಕಡೆ ಕಿಟಕಿ ನಮ್ಮ ತಂದೆ ಕಾಲದಲ್ಲೇ ಮುಚ್ಚಿಸಿಬಿಟ್ಟಿದಾರೆ."

ಅಪ್ಪ ಸೋತು, ಆಳನ್ನು ಕಳಿಸುತ್ತೇನೆ ಎಂದರು. ಆ ಕಡೆಯವರು ದನಿ ತಗ್ಗಿಸಿ ಕೇಳಿದರಂತೆ: "ಬಂದೋರು ಹಾಗೇ ಪಕ್ಕದ ಮನೇನೂ ನೋಡ್ಕೊಂಡು ಬಂದು ಹೇಳ್ತಾರಾ? ಅವರಿಗೂ ಇಲ್ಲ ಅಂದ್ರೆ ನಮಗೆ ಅವಸರ ಇಲ್ಲ."

ಗುರುತಿಲ್ಲದ ನೀರು

ಕೆಲವು ವರ್ಷ ಕಳೆದವು. ಜೋಗದಲ್ಲಿ ಹೊಸ ಪವರ್ ಹೌಸು ಆಗಿ ಅಲ್ಲಿಂದಲೂ ಬೆಂಗಳೂರಿಗೆ ಕರೆಂಟು ಬಂತು. ಅಪ್ಪ ಹೆಮ್ಮೆಯಿಂದ ಮನೆಯಲ್ಲಿ ಹೇಳಿದರು. ಹೇಳಬಾರದಿತ್ತು.

"ಅದು ಯಾವ ನದಿ?"

"ಶರಾವತಿ ಅಮ್ಮ."

"ಅವಳಲ್ಲಿ ನಾನು ಒಂದು ಸಲಾನೂ ಮುಳುಗಿಲ್ಲ. ಗುರುತಿಲ್ಲದ ನೀರಿನ ಬೆಳಕಲ್ಲಿ ಅಡುಗೆ ಹೇಗೆ ಮಾಡ್ಲಿ?"

ಅಲ್ಲಿಂದ ಮುಂದೆ ಹುಳಿಗೆ ಉಪ್ಪು ಜಾಸ್ತಿಯಾದರೆ ಶರಾವತಿ, ಹಾಲು ಒಡೆದರೆ ಶರಾವತಿ. ಒಂದು ದಿನ ಅಜ್ಜಿ ಎದುರುಮನೆ ಡಾಕ್ಟರ ಫೋನಿನಿಂದ ಕರೆಂಟ್ ಆಫೀಸಿಗೇ ಮಾತಾಡಿದರು. ಎತ್ತಿಕೊಂಡವರು ಅಪ್ಪ. ಅವರಿಗೆ ತಾಯಿಯ ದನಿ ತಿಳಿಯಿತು. ಅಜ್ಜಿಗೆ ಮಗನ ದನಿ ಗೊತ್ತಾಗಲಿಲ್ಲ.

"ನೋಡಿ ಸ್ವಾಮಿ, ನಮ್ಮ ಮನೆಗೆ ಮೊದಲಿನ ಹಾಗೆ ಕಾವೇರೀನೇ ಕಳಿಸ್ಕೊಡಿ. ಇನ್ನೊಂದು ಬೇಡ."

"ಆಗಲಿ ತಾಯಿ," ಎಂದರು ಅಪ್ಪ, ದನಿ ಬದಲಿಸಿ.

"ನನ್ನ ಮಗಾನೂ ಅಲ್ಲೇ ಕೆಲಸ ಮಾಡ್ತಾನೆ. ಅವನಿಗೆ ಮಾತ್ರ ಹೇಳ್ಬೇಡಿ. ಪಾಪ, ಅವನಿಗೆ ಕರೆಂಟಿನ ವಿಷಯ ಏನೂ ಗೊತ್ತಿಲ್ಲ."

ವರನ ನದಿ

ನಗೆಯ ವಿಷಯ ಅಲ್ಲದ್ದೂ ಒಂದಿತ್ತು. ಅಪ್ಪನ ತಂಗಿ, ನನ್ನ ಅತ್ತೆಗೆ ಎಷ್ಟು ಗಂಡು ನೋಡಿದರೂ ಕೂಡಿಬಂದಿರಲಿಲ್ಲ. ಕೊನೆಗೊಬ್ಬರು ಸಿಕ್ಕರು. ಇಂಜಿನಿಯರು, ಸಭ್ಯರು. ಆಫೀಸಿನ ಕೆಲಸಕ್ಕೆ ಬಂದಾಗಲೆಲ್ಲ ನಮ್ಮ ಮನೆಗೂ ಬಂದು ಹೋಗುತ್ತಿದ್ದರು. ಅವರು ಬರುವ ದಿನ ಅತ್ತೆ ಬೆಳಿಗ್ಗೆಯೇ ತಲೆ ಬಾಚಿಕೊಂಡು, ಮತ್ತೆ ಮಧ್ಯಾಹ್ನವೂ ಬಾಚಿಕೊಳ್ಳುತ್ತಿದ್ದರು. ಅತ್ತೆಗೆ ಈ ಮದುವೆ ಬೇಕೇ ಬೇಕು ಎಂದು ನಮಗೆಲ್ಲ ಗೊತ್ತಿತ್ತು. ಆದರೆ ಇಂಜಿನಿಯರು ಇದ್ದದ್ದು ಜೋಗದ ಪವರ್ ಹೌಸಿನಲ್ಲಿ, ಅದನ್ನು ಅಜ್ಜಿಗೆ ಯಾರೂ ಹೇಳಿರಲಿಲ್ಲ. ಅಜ್ಜಿ ಒಪ್ಪದಿದ್ದರೆ ಅವರು ಕೈತಪ್ಪಿದಂತೆಯೇ; ಮಲ್ಲೇಶ್ವರದಲ್ಲಿ ಆಗಲೇ ಅವರಿಗೆ ಇನ್ನೊಂದು ಹೆಣ್ಣು ನೋಡಿಟ್ಟಿದ್ದರು.

ಹೆಣ್ಣು ನೋಡುವ ಸಂಜೆ ಅಪ್ಪ ಬಾಗಿಲಲ್ಲೇ ಹುಡುಗನ ಕಿವಿಯಲ್ಲಿ, "ಅಮ್ಮ ಕೇಳಿದ್ರೆ ಶಿವನಸಮುದ್ರ ಅಂದ್ಬಿಡಿ" ಎಂದರು.

"ಸುಳ್ಳು ಹೇಳೋದು ಹೇಗೆ ಸಾರ್?" ಎಂದು ಹುಡುಗ ಒಳಗೆ ಬಂದು ಕೂತರು.

ಅಜ್ಜಿ ಗೋತ್ರ ಕೇಳಿದರು, ನಕ್ಷತ್ರ ಕೇಳಿದರು. ಎಲ್ಲ ಸರಿಯಿತ್ತು. ಆಮೇಲೆ, "ಅದೆಲ್ಲಾ ಆಯ್ತಪ್ಪ. ನಿನ್ನ ನದಿ ಯಾವುದು?" ಎಂದರು.

"ಶರಾವತಿ ಅಮ್ಮಾ."

ಅಡುಗೆಮನೆಯ ಬಾಗಿಲ ಹಿಂದೆ ಅತ್ತೆ ಕೈಯಲ್ಲಿದ್ದ ಕಾಫಿ ಲೋಟಗಳನ್ನು ಮತ್ತೆ ಕೆಳಗಿಟ್ಟುಬಿಟ್ಟರು. ಅಜ್ಜಿ ತಾಂಬೂಲದ ತಟ್ಟೆಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

"ತಪ್ಪು ತಿಳೀಬೇಡಪ್ಪ. ನಾವು ಕಾವೇರಿಯವರು. ಕಾಫಿ ಕುಡಿದು ಹೋಗು."

ಅಪ್ಪ ಬೀಳ್ಕೊಡಲು ಎದ್ದು ನಿಂತರು. ಹುಡುಗ ಮಾತ್ರ ಏಳಲಿಲ್ಲ.

"ಅಮ್ಮಾ, ಈಗ ಕಾವೇರಿ ಬೇರೆ ಶರಾವತಿ ಬೇರೆ ಅಂತ ಇಲ್ಲ. ಎರಡೂ ಕಡೆ ಲೈನು ಸೇರಿಸಿಬಿಟ್ಟಿದೀವಿ. ಸೇರಿದ ಮೇಲೆ ಇದು ಇದರದ್ದು, ಅದು ಅದರದ್ದು ಅಂತ ಬೇರೆ ಮಾಡಕ್ಕೆ ಯಾರಿಂದಲೂ ಆಗಲ್ಲ."

"ಸೇರಿಸಿದೀರಾ? ಎಲ್ಲಿ?"

"ಇಲ್ಲೇ, ಬೆಂಗಳೂರಲ್ಲೇ. ನಿಮ್ಮ ತಲೆ ಮೇಲೆ ಉರೀತಿದೆಯಲ್ಲ, ಆ ದೀಪದಲ್ಲಿ ಇಬ್ಬರೂ ಇದಾರೆ."

ಅಜ್ಜಿ ತಲೆಯೆತ್ತಿ ದೀಪವನ್ನು ನೋಡಿದರು. ಆಮೇಲೆ ಎದ್ದು ನಿಂತು ಎರಡೂ ಕೆನ್ನೆ ಬಡಿದುಕೊಂಡರು.

"ಎರಡು ನದಿ ಸೇರೋ ಜಾಗ ಅಂದ್ರೆ ಸಂಗಮ ಅಲ್ವೇನೋ! ನನ್ನ ಮನೇಲೇ ಸಂಗಮ ಆಗಿದೆ, ಒಬ್ಬರಾದ್ರೂ ಹೇಳಿದೀರಾ ನನಗೆ?" ಎಂದು ಅಪ್ಪನನ್ನು ಗದರಿಸಿ, ಒಳಗೆ ತಿರುಗಿ, "ಬಾರೇ, ಕಾಫಿ ಆರಿ ಹೋಗತ್ತೆ!" ಎಂದು ಕೂಗಿದರು. ತಾಂಬೂಲದ ತಟ್ಟೆ ಮತ್ತೆ ಹುಡುಗನ ಮುಂದೆ ಬಂತು. ಅತ್ತೆ ಕಾಫಿಯ ಜೊತೆಗೆ ಅಳುವನ್ನೂ ನಗುವನ್ನೂ ತಂದರು.

"ಹೆಣ್ಣು ಕೊಟ್ಟೆ ಅಂತ ತಿಳ್ಕೋ. ಆದರೆ ನನ್ನದೊಂದು ಮಾತು ನಡೆಸ್ಕೊಡಬೇಕು," ಎಂದರು ಅಜ್ಜಿ.

"ಹೇಳಿ ಅಮ್ಮಾ," ಎಂದರು ಹುಡುಗ, ಸ್ವಲ್ಪ ಹೆದರಿ.

"ನಾಳೆನೇ ಬಚ್ಚಲುಮನೆಗೆ ಒಂದು ದೀಪ ಹಾಕಿಸ್ಕೊಡು."

"ಅಲ್ಲಿ ಕತ್ತಲೆನಾ ಅಮ್ಮಾ?"

"ಕತ್ತಲೆ ಅಭ್ಯಾಸ ಆಗಿದೆ. ದಿನಾ ಅದರ ಕೆಳಗೆ ನಿಂತು ಸಂಗಮಸ್ನಾನ ಮಾಡ್ತೀನಿ."

ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ನಗೋದು ಆಮೇಲೆ ಮಗು, ಮೊದಲು ಇದನ್ನ ಬರ್ಕೋ.