ಚಪ್ಪಲಿ ಬಿಟ್ಟು ಒಳಗೆ ಬನ್ನಿ

ಸಿಟ್ಟು ಬಂದಾಗ ಮನುಷ್ಯರ ಮೇಲೆ ಕೂಗಾಡಿದರೆ ಅವರೂ ತಿರುಗಿ ನಾಲ್ಕು ಮಾತು ಅನ್ನುತ್ತಾರೆ. ಹೆಂಡತಿಯ ಮೇಲೆ ಕೂಗಾಡಿದರೆ ಮಾರನೆಯ ದಿನ ಸಾರಿಗೆ ಉಪ್ಪಿರುವುದಿಲ್ಲ. ಹಾಗಾಗಿ ಸಿಟ್ಟು ತೀರಿಸಿಕೊಳ್ಳುವುದಕ್ಕೆ ಕಂಪ್ಯೂಟರಿನಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ ಎಂದು ನಾನು ತಿಳಿದಿದ್ದೆ. ಶುದ್ಧ ಸುಳ್ಳು. ಎಷ್ಟು ಬೈದರೂ ಅದು ಕಲ್ಲಿನ ಹಾಗೆ ಕೂತಿರುತ್ತದಲ್ಲ, ಅದನ್ನು ನೋಡಿಯೇ ಮೈಯೆಲ್ಲ ಉರಿಯುತ್ತದೆ. ಈಗ ನೆನೆಸಿಕೊಂಡರೂ ನನಗೆ ಉರಿಯುತ್ತದೆ.

ಹೊಸೂರಿನ ನಮ್ಮ ಕಾರ್ಖಾನೆಗೆ ಅದು ಬಂದದ್ದು ಮದ್ರಾಸಿನ ಹೆಡ್ ಆಫೀಸಿನಿಂದ. ಅವರಿಗೆ ಹೊಸದು ಬಂತು, ಅತ್ತಿಗೆ ಉಟ್ಟುಬಿಟ್ಟ ಸೀರೆಯನ್ನು ನಾದಿನಿಗೆ ಕೊಡುವ ಹಾಗೆ ಹಳೆಯದನ್ನು ನಮಗೆ ದಾಟಿಸಿದರು. ಜೊತೆಗೊಂದು ಡಬ್ಬಿ ತುಂಬ ಫ್ಲಾಪಿಗಳು. ಅವುಗಳಲ್ಲಿ ಯುನಿಕ್ಸ್ ಎಂಬುದು ಇದೆ, ಒಂದಾದ ಮೇಲೊಂದು ತುರುಕುತ್ತ ಹೋದರೆ ಯಂತ್ರಕ್ಕೆ ಬುದ್ಧಿ ಬರುತ್ತದೆ ಎಂದರು. ತುರುಕುವ ಕೆಲಸ ನನಗೆ ಬಿತ್ತು. ನನಗಿದ್ದ ಒಂದೇ ಅರ್ಹತೆ ಟೈಪಿಂಗು.

ಆದರೂ ಖುಷಿಯಿಂದ ಒಪ್ಪಿಕೊಂಡೆ. ಅಲ್ಲಿಯವರೆಗೆ ನನ್ನ ಮೇಜು ಪ್ರೆಸ್ ಶಾಪಿನ ಪಕ್ಕದಲ್ಲಿತ್ತು. ದಿನವಿಡೀ ತಗಡು ಬಡಿಯುವ ಸದ್ದು. ಮನೆಯಲ್ಲಿ ಊಟಕ್ಕೆ ಕೂತರೂ ಕಿವಿಯಲ್ಲಿ ಅದೇ ಢಂ ಢಂ. ಕಂಪ್ಯೂಟರಿನ ದೆಸೆಯಿಂದ ಬಾಗಿಲು ಮುಚ್ಚಿದರೆ ಏನೂ ಕೇಳಿಸದ ಎ.ಸಿ. ಕೋಣೆ ಸಿಕ್ಕಿತು. ಹೊಸೂರಿನ ಚಳಿಗಾಲದಲ್ಲಿ ಸ್ವೆಟರು, ಮಂಕಿ ಕ್ಯಾಪು ಹಾಕಿಕೊಂಡು ಎ.ಸಿ.ಯಲ್ಲಿ ನಡುಗುತ್ತ ಕೂತೆನೇ ಹೊರತು ಆಚೆ ಬರಲಿಲ್ಲ. ಕರಾರು ಒಂದೇ: ಮದ್ರಾಸಿನ ದೊಡ್ಡ ಸಾಹೇಬರು ಬರುವುದರೊಳಗೆ ಯಂತ್ರ ನಡೆಯಬೇಕು. ಇಲ್ಲವಾದರೆ ಅದು ವಾಪಸ್ಸು ಮದ್ರಾಸಿಗೆ, ನಾನು ವಾಪಸ್ಸು ಢಂ ಢಂಗೆ.

ಧೂಳು ಬರಬಾರದೆಂದು "ಚಪ್ಪಲಿ ಬಿಟ್ಟು ಒಳಗೆ ಬನ್ನಿ" ಎಂದು ತಮಿಳು, ಕನ್ನಡ, ತೆಲುಗು ಮೂರರಲ್ಲೂ ಬೋರ್ಡು ಬರೆಸಿದೆ. ನೋಡಲು ಬಂದವರೆಲ್ಲ ಭಕ್ತಿಯಿಂದ ಬೂಟು ಬಿಚ್ಚಿದರು. ಶಿಫ್ಟು ಮುಗಿಸಿ ಬಂದವರ ಕಾಲುಚೀಲ, ಕಿಟಕಿಯಿಲ್ಲದ ಕೋಣೆ. ನನ್ನ ಪಾಡು ಯಾರಿಗೂ ಬೇಡ. ನಮ್ಮ ಅಟೆಂಡರ್ ಮುನಿಯಪ್ಪ, ಬಾಗಲೂರಿನವನು, ದಾರಿ ತೋರಿಸಿದ. "ಲೇತ್ ಮಿಸನ್ನಿಗೆ ದಿನಾ ಊದಿನಕಡ್ಡಿ ಅಚ್ಚಲ್ವಾ ಸಾ? ಇದೇನು ಪಾಪ ಮಾಡೈತೆ? ಗಬ್ಬೂ ಓಯ್ತದೆ." ಹಚ್ಚಪ್ಪ ಅಂದೆ. ಯಂತ್ರದ ಮುಖದಲ್ಲಿ ಗಾಳಿಯಾಡಲು ಬಿಟ್ಟ ತೂತುಗಳು ಊದಿನಕಡ್ಡಿಗೆಂದೇ ಕೊರೆದ ಹಾಗಿದ್ದವು.

ಇನ್ನು ಫ್ಲಾಪಿಯ ಗೋಳು. ಮೊದಲನೆಯದು ಒಳಗೆ ಹೋಗುತ್ತಿತ್ತು, ಎರಡನೆಯದು ಹೋಗುತ್ತಿತ್ತು, ಮೂರನೆಯದಕ್ಕೆ ಯಂತ್ರ ಗೊರಗೊರ ಎಂದು ಕೆರೆದು, ಓದಲಾಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತಿತ್ತು. ಮತ್ತೆ ಮೊದಲಿನಿಂದ. ಮದ್ರಾಸಿನವರು ಬೇಕೆಂದೇ ಹಾಳಾದದ್ದನ್ನು ಕಳಿಸಿದ್ದಾರೆಂದು ಹಾರಾಡಿ ಹೊಸ ಡಬ್ಬಿ ತರಿಸಿದೆ. ಅದು ಎರಡನೆಯದಕ್ಕೇ ನಿಂತಿತು. ಬೆಂಗಳೂರಿನ ಎಂಜಿನಿಯರಿಗೆ ಟ್ರಂಕ್ ಕಾಲ್ ಮಾಡಿದರೆ, "ಡ್ರೈವ್ ಕ್ಲೀನ್ ಇದೆಯಾ ಸಾರ್?" ಅಂದ. ನನ್ನ ಪಿತ್ತ ನೆತ್ತಿಗೇರಿತು. "ಏನ್ರೀ ಹಾಗಂದ್ರೆ? ನಿಮ್ಮನೆ ದೇವರ ಕೋಣೆಗಿಂತ ಶುದ್ಧವಾಗಿದೆ ಇಲ್ಲಿ," ಎಂದು ಫೋನು ಕುಕ್ಕಿದೆ. ಅದೇ ಸಿಟ್ಟಿನಲ್ಲಿ ಮುನಿಯಪ್ಪನಿಗೆ, "ನಾಳೆಯಿಂದ ಎರಡು ಕಡ್ಡಿ ಹಚ್ಚು" ಎಂದೆ.

ಸಾಹೇಬರು ಬರುವ ಹಿಂದಿನ ದಿನ ಎಂಜಿನಿಯರೇ ಬಂದು ಯಂತ್ರದ ಡಬ್ಬ ಬಿಚ್ಚಿದ. ಆ ತೂತುಗಳ ನೇರ ಕೆಳಗೇ ಫ್ಲಾಪಿ ಹಾಕುವ ಬಾಯಿ. ಒಳಗೆಲ್ಲ ಬೂದಿ. ಹಾಕಿದ ಫ್ಲಾಪಿಯನ್ನೆಲ್ಲ ಅದೇ ಗೀರಿ ಹಾಕಿತ್ತು.

"ಯಾರ್ರೀ ಇಲ್ಲಿ ಪೂಜೆ ಮಾಡೋರು?"

ನಾನು ಮುನಿಯಪ್ಪನನ್ನು ನೋಡಿದೆ. "ಒಂದು ಸಾಲ್ದು, ಎಲ್ಡು ಅಚ್ಚು ಅಂದ್ರು ಸಾರು," ಎಂದು ಅವನು ನನ್ನನ್ನು ನೋಡಿದ.

ಎಂಜಿನಿಯರು ಬೂದಿ ಗುಡಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ, ತಾನು ತಂದ ಫ್ಲಾಪಿಗಳನ್ನು ಹಾಕಿದ. ಸಂಜೆಯ ಹೊತ್ತಿಗೆ ಯಂತ್ರಕ್ಕೆ ಬುದ್ಧಿ ಬಂತು. ಅವನು ಬಸ್ಸು ಹತ್ತಿದ್ದೇ ತಡ, ಇಡೀ ಆಫೀಸು ಕೇಳುವ ಹಾಗೆ ಕಿರುಚಿದೆ: ಇನ್ನು ಈ ಕೋಣೆಗೆ ಯಾವನಾದರೂ ಬೆಂಕಿಪೊಟ್ಟಣ ತಂದರೆ ನನ್ನಷ್ಟು ಕೆಟ್ಟವನು ಇಲ್ಲ.

ಮಾರನೆಯ ದಿನ ಹಣೆ ತುಂಬ ವಿಭೂತಿ ಬಳಿದುಕೊಂಡಿದ್ದ ದೊಡ್ಡ ಸಾಹೇಬರು ಬೂಟು ಬಿಚ್ಚಿ ಒಳಗೆ ಬಂದರು. ಯಂತ್ರ ನಡೆಯುವುದನ್ನು ನೋಡಿ ತಲೆದೂಗಿದರು. ಆಮೇಲೆ ಅತ್ತಿತ್ತ ನೋಡಿ ಮುಖ ಸಣ್ಣಗೆ ಮಾಡಿಕೊಂಡು, "ಎನ್ನಪ್ಪಾ, ಮೆಷಿನ್ನುಕ್ಕು ಪೂಜೆ ಪೋಡಲಿಯಾ?" ಅಂದರು. ಪೂಜೆ ಮಾಡಿಲ್ಲವೇ ಎಂದು ಬೇಜಾರು. ತಮ್ಮ ಬ್ಯಾಗಿನಿಂದ ತಾವೇ ಊದಿನಕಡ್ಡಿ ತೆಗೆದು ಹಚ್ಚಿ, ಎಲ್ಲಿ ಸಿಕ್ಕಿಸುವುದೆಂದು ಹುಡುಕತೊಡಗಿದರು. ತೆರೆದ ಬಾಗಿಲಿನಿಂದ ಪ್ರೆಸ್ ಶಾಪಿನ ಢಂ ಢಂ ಕೇಳಿಸುತ್ತಿತ್ತು. ಮುನಿಯಪ್ಪ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ.

"ಎಡಗಡೆಯ ತೂತಿನಲ್ಲಿ ಸರಿಯಾಗಿ ಕೂರುತ್ತೆ ಸಾರ್," ಎಂದು ನನ್ನ ಅರೆಬರೆ ತಮಿಳಿನಲ್ಲಿ ಹೇಳಿ, ಬಾಗಿಲು ಮುಚ್ಚಿದೆ.