ಕಟ್ಟೆಯ ಮೇಲಿಂದ ಮೂವತ್ತೇಳು ಸಾವಿರ ಅಡಿ

ಎಲ್ಲಕ್ಕೂ ಮೂಲ ಆ ಹಾಳು ನೆಟ್‌ವರ್ಕು. ಕಲ್ಲೋಳಿಯ ಪ್ರಭುವಿನ ಮನೆಯೊಳಗೆ ಅದು ಕಾಲಿಡುತ್ತಿರಲಿಲ್ಲ. ಬಂದರೆ ಮುಂದಿನ ಕಟ್ಟೆಯ ಮೇಲೆ. ಕಟ್ಟೆಯೋ, ಓಣಿಯವರೆಲ್ಲರ ಸ್ವತ್ತು.

ವಿಮಾನ ಹಾರಿಸುವ ಲೈಸೆನ್ಸು ಹಿಡಿದು ಎರಡು ವರ್ಷದಿಂದ ಮನೆಯಲ್ಲೇ ಕೂತಿದ್ದ ಪ್ರಭುವಿಗೆ ಇವತ್ತು ಹನ್ನೊಂದಕ್ಕೆ ಒಂದು ಕಂಪನಿಯ ಮೌಖಿಕ ಪರೀಕ್ಷೆ, ಮೊಬೈಲಿನಲ್ಲಿ. ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಇದೇ ಕಡೆಯ ಅವಕಾಶ. ಇದೂ ಹೋದರೆ ನೌಕರಿಯ ಆಸೆಗೆ ಎಳ್ಳುನೀರು.

ಹತ್ತೂವರೆಗೆ ತಾಯಿ ಚನ್ನವ್ವ ಆರತಿ ತಂದು ಮಗನ ಹಣೆಗಷ್ಟೇ ಅಲ್ಲ, ಮೊಬೈಲಿನ ಕ್ಯಾಮೆರಾಕ್ಕೂ ಕುಂಕುಮ ಹಚ್ಚಿದಳು. ಅದನ್ನು ಒರೆಸುವಷ್ಟರಲ್ಲಿ ಎಮ್ಮೆಯೊಂದು ಬಂದು ಅವನ ಟೈ ನೆಕ್ಕಿತು. ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಬಾಜೂ ಮನೆಯ ಮಾಲಿಂಗಪ್ಪ ಎಮ್ಮೆಯನ್ನು ಅಟ್ಟಿ, ಆ ಉಪಕಾರಕ್ಕೆ ಪ್ರತಿಯಾಗಿ ಪಕ್ಕದಲ್ಲೇ ಕೂತ.

"ಕಾಕಾ, ಕೈ ಮುಗೀತೇನಿ, ಪಿಟ್ಟ ಅನ್ನಬ್ಯಾಡ್ರಿ," ಎಂದ ಪ್ರಭು.

"ನಾ ಯಾಕ ಅನ್ನಲೋ ತಮ್ಮಾ!"

ಪರೀಕ್ಷೆ ಸುಸೂತ್ರವಾಗಿಯೇ ನಡೆಯಿತು. ಪರೀಕ್ಷಕರು ಧಾರವಾಡದ ಕಡೆಯವರು. ಬೆವರುತ್ತಿದ್ದ ಹುಡುಗನನ್ನು ಕಂಡು ಮರುಗಿ, ಕೊನೆಯ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿದರು. "ಮೂವತ್ತೇಳು ಸಾವಿರ ಅಡಿ ಮ್ಯಾಲ ಅದೀರಿ. ವಿಮಾನ ನಿಲ್ದಾಣದವರು ಇಳಿಯಾಕ ಜಾಗಾ ಇಲ್ಲ, ಅಲ್ಲೇ ಸುತ್ತು ಹೊಡೀರಿ ಅಂದ್ರು. ಎಣ್ಣಿ ಉಳಸಾಕ ವಿಮಾನ ಭಾಳ ನಿಧಾನ ಮಾಡಿದ್ರ ನಡೀತೈತೇನು?"

ಉತ್ತರ ಪ್ರಭುವಿನ ತುಟಿಯವರೆಗೆ ಬಂದಿತ್ತು.

"ಸುತಾರಾಂ ನಡ್ಯೂದಿಲ್ರಿ!" ಎಂದ ಮಾಲಿಂಗಪ್ಪ. "ಎರಡು ಟ್ರೇಲರ್ ಕಬ್ಬು ಹೇರಿ ಏರಿ ಹತ್ತೂವಾಗ ನಿಧಾನ ಮಾಡಿದ್ರ ಮತ್ತ ಎಂಜಿನ್ ಎತ್ತೂದಿಲ್ಲ!"

ಪ್ರಭು ಕಾಕಾನ ಬಾಯಿಗೆ ಕೈ ಅಡ್ಡ ಹಿಡಿದ.

"ಯಾರ್ರಿ ಅವರು? ಉತ್ತರ ಸರಿ ಐತಿ," ಎಂದರು ಪರೀಕ್ಷಕರು ಹುಬ್ಬೇರಿಸಿ.

"ಬಾಜೂ ಮನಿ ಕಾಕಾರ್ರಿ ಸರ್. ಟ್ರ್ಯಾಕ್ಟರ್ ಹೊಡೀತಾರ. ವಿಮಾನದ್ದು ಅವರಿಗೆ ಏನೇನೂ ತಿಳಿಯೂದಿಲ್ರಿ."

"ಹಂಗೇನು? ಹಂಗಾರ ನೀವ ಬಿಡಿಸಿ ಹೇಳ್ರಿ."

ಪ್ರಭು ಉಸಿರು ಬಿಟ್ಟ. ಆದರೆ ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಮಾಲಿಂಗಪ್ಪನ ಅಭಿಮಾನಕ್ಕೆ ಪೆಟ್ಟು ಬಿದ್ದಿತ್ತು. ಮೊಬೈಲಿಗೇ ಮುಖ ಒಡ್ಡಿದ.

"ಏನೇನೂ ತಿಳಿಯೂದಿಲ್ಲಾ? ಮ್ಯಾಲ ಗಾಳಿ ತೆಳ್ಳಗ ಇರ್ತೈತ್ರಿ, ಎಂಜಿನ್ನಿಗೆ ಕಸುವು ಉಳಿಯೂದಿಲ್ಲ. ನಿಧಾನ ಆದಂಗ ಗಾಳಿ ಹಿಂದಕ್ಕ ಎಳಿಯೂದು ಹೆಚ್ಚಾಗಿ ಮತ್ತಷ್ಟು ನಿಧಾನ ಆಗ್ತೈತಿ, ಕಡೀಕ ಬೀಳ್ತೈತಿ. ಭಾಳ ಜೋರಾದ್ರ ಗಡಗಡ ನಡುಗ್ತೈತಿ. ನಡುವಿನ ಸ್ಪೀಡ್ ಹಿಡಿದು ಸಾವಕಾಶ ತಿರುಗಿಸಬೇಕು. ಆಗ್ಲಿಲ್ಲಂದ್ರ ಕೆಳಗ ಬರಾಕ ಪರವಾನಗಿ ಕೇಳಬೇಕು!"

ಪರೀಕ್ಷಕರು ಕನ್ನಡಕ ತೆಗೆದರು. "ಪ್ರಭು ಅವರ, ಇಷ್ಟು ತಿಳಿದವರನ್ನ ಬಾಜೂಕ ಕುಂಡ್ರಿಸಿಕೊಂಡು, ಅವರಿಗೆ ಏನೂ ತಿಳಿಯೂದಿಲ್ಲ ಅಂತ ಸುಳ್ಳೂ ಹೇಳ್ತೀರಿ. ಪರೀಕ್ಷಾ ರದ್ದು."

ತೆರೆ ಕಪ್ಪಾಯಿತು. ಪ್ರಭುವಿಗೆ ಅಳು ತಡೆಯಲಾಗಲಿಲ್ಲ.

"ಕಾಕಾ, ಇದನ್ನೆಲ್ಲಾ ನಿಮಗ ಯಾರು ಕಲಿಸಿದ್ರು?"

ಮಾಲಿಂಗಪ್ಪನಿಗೆ ಖರೇನೇ ಅಚ್ಚರಿ.

"ಹದಿನೈದು ದಿನದಿಂದ ನೀನ ಈ ಕಟ್ಟಿ ಮ್ಯಾಲ ಕುಂತು ಒದರಾಕತ್ತಿದ್ದೆಲ್ಲೋ! ಕೇಳಿ ಕೇಳಿ ನನಗ ಬಾಯಿಪಾಠ ಆತು. ನಿನಗ ಆಗ್ಲಿಲ್ಲೇನು?"